ಟೇಪ್‌ನಲ್ಲಿ ಸಿಕ್ಕಿದ್ದೇ ಅಧ್ಯಕ್ಷರ ಅಸಲಿ ಮುಖನಾ?

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ಫೋನ್ ಮಾತುಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರಲ್ಲ, ಅವನ್ನು ಕೇಳಿದರೆ ಅವರ ನಿಜವಾದ ಮನಸ್ಸು ಗೊತ್ತಾಗುತ್ತದಾ?

ಉತ್ತರ: ಅಧ್ಯಕ್ಷ ನಿಕ್ಸನ್ ಕುರ್ಚಿ ಕಳೆದುಕೊಂಡ ವಾಟರ್‌ಗೇಟ್ ಹಗರಣದ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ 'ಗುಟ್ಟಾಗಿ ಆಡಿದ ಮಾತು, ಅಂದ್ಮೇಲೆ ನಿಜ' ಅನ್ನೋ ನಂಬಿಕೆ ಹೋಗುತ್ತಿಲ್ಲ. ಗುಟ್ಟು ಯಾರಿಗೆ ಸ್ವಾಮಿ? ಆ ಕಡೆ ಫೋನ್ ಹಿಡಿದವರಿಗೆ. ಅಧ್ಯಕ್ಷರಿಗಲ್ಲ! ಕೆನಡಿ ತಾವೇ ಸ್ವಿಚ್ ಒತ್ತುತ್ತಿದ್ದರು. ಲಿಂಡನ್ ಜಾನ್ಸನ್ ಬೆರಳನ್ನು ಗಾಳಿಯಲ್ಲಿ ಸುತ್ತಿ ತೋರಿಸಿದರೆ ಸೆಕ್ರೆಟರಿ ಮಷೀನ್ ಶುರು ಮಾಡಬೇಕು. ಯಾವ ಮಾತು ಉಳಿಯಬೇಕು ಅಂತ ಆರಿಸಿದ್ದೇ ಅವರು.

1963ರ ನವೆಂಬರ್ 29ರ ಕರೆ ತೆಗೆದುಕೊಳ್ಳಿ. ಅಧ್ಯಕ್ಷ ಕೆನಡಿ ಹತ್ಯೆಯಾಗಿ ಒಂದು ವಾರ, ಆ ಕುರ್ಚಿಯಲ್ಲಿ ಈಗ ಜಾನ್ಸನ್. ಹತ್ಯೆಯ ತನಿಖೆಗೆ ಮುಖ್ಯ ನ್ಯಾಯಮೂರ್ತಿ ವಾರೆನ್ ನಡೆಸುವ ಆಯೋಗಕ್ಕೆ ಸೆನೆಟರ್ ರಿಚರ್ಡ್ ರಸೆಲ್ ಬೇಕು. ರಸೆಲ್ ಜಾನ್ಸನ್‌ಗೆ ಗುರು ಇದ್ದಂತೆ. ವಾರೆನ್ ಜೊತೆ ನನಗಾಗುವುದಿಲ್ಲ, ಬಿಟ್ಟುಬಿಡಿ ಅನ್ನುತ್ತಾರೆ. ಜಾನ್ಸನ್ ಮೊದಲೇ ಹೆಸರು ಪ್ರಕಟಿಸಿಬಿಟ್ಟಿದ್ದಾರೆ! ಆಮೇಲೆ ಹೊಗಳುತ್ತಾರೆ, ಹಳೇ ಸ್ನೇಹ ನೆನಪಿಸುತ್ತಾರೆ, ಕೊಲ್ಲಿಸಿದ್ದು ರಷ್ಯಾ, ಕ್ಯೂಬಾ ಅನ್ನೋ ಗಾಳಿಸುದ್ದಿಯಿಂದ ಯುದ್ಧವಾದರೆ ಒಂದು ಗಂಟೆಯಲ್ಲಿ 4 ಕೋಟಿ ಅಮೆರಿಕನ್ನರು ಸಾಯಬಹುದು ಅಂತ ಹೆದರಿಸುತ್ತಾರೆ. ರಸೆಲ್ ಕೊನೆಗೆ ಒಪ್ಪಿಕೊಂಡರು. ಇಲ್ಲಿ ಕಾಣುವುದು ಜಾನ್ಸನ್ ಮನಸ್ಸಲ್ಲ, ಒಬ್ಬ ಮನುಷ್ಯನನ್ನು ಹೇಗೆ ಬಗ್ಗಿಸುತ್ತಿದ್ದರು ಅನ್ನೋದು. ನನಗೆ ಅದೇ ಜಾಸ್ತಿ ಬೆಲೆಯದ್ದು, ಏಕೆಂದರೆ ಇದು ಯಾವ ಭಾಷಣದಲ್ಲೂ ಸಿಗುವುದಿಲ್ಲ.

ಮನಸ್ಸು ಗೊತ್ತಾದರೂ ನಡೆ ಗೊತ್ತಾಗುವುದಿಲ್ಲ. 1964ರ ಮೇ ತಿಂಗಳಲ್ಲಿ ವಿಯೆಟ್ನಾಂ ಯುದ್ಧ ಮಾಡುವಷ್ಟು ಬೆಲೆಯದ್ದಲ್ಲ ಅಂತ ಇದೇ ಜಾನ್ಸನ್ ಫೋನಿನಲ್ಲಿ ಹೇಳಿದರು. ಮರುವರ್ಷ ಲಕ್ಷಕ್ಕಿಂತ ಹೆಚ್ಚು ಸೈನಿಕರನ್ನು ಕಳಿಸಿದರು.

ನಿಕ್ಸನ್ ಕಥೆ ಬೇರೆ. ಮಾತು ಕೇಳಿದ ಕೂಡಲೇ ತಾನೇ ಓಡುವ ಮಷೀನ್, 1971ರಿಂದ 1973ರವರೆಗೆ ಸುಮಾರು 3,700 ಗಂಟೆ. ಅದು ಇದೆ ಅನ್ನೋದನ್ನೇ ಮರೆತವರಂತೆ ಮಾತಾಡಿದ್ದಾರೆ. 1971ರ ನವೆಂಬರ್ 5ರಂದು, ಇಂದಿರಾ ಗಾಂಧಿಯವರನ್ನು ಭೇಟಿಯಾದ ಮರುದಿನ, ನಿಕ್ಸನ್ ಮತ್ತು ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಸೇರಿ ಇಂದಿರಾರನ್ನು ಕೆಟ್ಟದಾಗಿ ಬೈದದ್ದೂ ಅದರಲ್ಲಿದೆ. ಅಷ್ಟು ದ್ವೇಷಕ್ಕೇ ಆ ವರ್ಷದ ಭಾರತ-ಪಾಕ್ ಯುದ್ಧದಲ್ಲಿ ಬಂಗಾಳ ಕೊಲ್ಲಿಗೆ ಯುದ್ಧನೌಕೆ ಕಳಿಸಿದರು ಅಂತ ಸುಮ್ನೆ ನಂಬಿಬಿಡಬೇಡಿ. ಅಮೆರಿಕ ಆಗ ಗುಟ್ಟಾಗಿ ಚೀನಾದ ಸ್ನೇಹಕ್ಕೆ ಕೈಚಾಚಿತ್ತು, ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್. ಅವರನ್ನು ಕೈಬಿಟ್ಟರೆ ಚೀನಾ ಏನಂದುಕೊಂಡೀತು ಅನ್ನೋ ಚಿಂತೆ ದೊಡ್ಡದಿತ್ತು. ಅದೇ ವರ್ಷದ ಜುಲೈನಲ್ಲಿ ಕಿಸಿಂಜರ್‌ಗೆ ಹೊಟ್ಟೆನೋವು, ಬೆಟ್ಟದೂರಲ್ಲಿ ವಿಶ್ರಾಂತಿ ಅಂತ ಪಾಕಿಸ್ತಾನದಲ್ಲಿ ಸುದ್ದಿ ಹಬ್ಬಿಸಿದ್ದರು. ಕಿಸಿಂಜರ್ ಆಗ ಬೀಜಿಂಗ್‌ನಲ್ಲಿದ್ದರು.