ಪದ ಪರಿಚಯ: ಬೂಟ್ ಲೋಡರ್

ಹಳೇ ಲ್ಯಾಪ್‌ಟಾಪಿನ ವಿಂಡೋಸ್ ಮುಟ್ಟಬಾರದು ಅಂತಲೇ ಒಮ್ಮೆ ಲಿನಕ್ಸನ್ನು ಹೊರಗಿನ ಯುಎಸ್‌ಬಿ ಡಿಸ್ಕ್‌ಗೆ ಹಾಕಿದ್ದೆ. ಎಲ್ಲ ಸರಿಯಾಗೇ ಆಯಿತು. ಮರುದಿನ ಡಿಸ್ಕ್ ಕಿತ್ತು ಚೀಲಕ್ಕೆ ಹಾಕಿ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ. ಅದರ ಮೇಲೆ ‘ಗ್ರಬ್ ರೆಸ್ಕ್ಯೂ’ ಅನ್ನುವ ಎರಡು ಪದ, ಮಿಣುಕುವ ಒಂದು ಗೆರೆ. ವಿಂಡೋಸ್ ಎಲ್ಲೂ ಹೋಗಿರಲಿಲ್ಲ. ಅದನ್ನು ಎಬ್ಬಿಸುವವನು ಬದಲಾಗಿದ್ದ, ಅಷ್ಟೇ.

ಎಬ್ಬಿಸುವ ಆ ಪುಟ್ಟ ಪ್ರೋಗ್ರಾಮೇ ಬೂಟ್ ಲೋಡರ್. ಗ್ರಬ್ ಅನ್ನುವುದು ಲಿನಕ್ಸ್ ಜೊತೆ ಬರುವ ಬೂಟ್ ಲೋಡರ್. ಪವರ್ ಬಟನ್ ಒತ್ತಿದಾಗ ಮೊದಲು ಓಡುವುದು ಮದರ್‌ಬೋರ್ಡ್‌ನಲ್ಲೇ ಇರುವ ಫರ್ಮ್‌ವೇರ್. ಅದು ಡಿಸ್ಕ್‌ನಲ್ಲಿರುವ ಬೂಟ್ ಲೋಡರನ್ನು ಹುಡುಕಿ ಓಡಿಸುತ್ತದೆ. ಬೂಟ್ ಲೋಡರ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲನ್ನು ಮೆಮೊರಿಗೆ ತಂದು ಕೆಲಸ ಒಪ್ಪಿಸುತ್ತದೆ. ಪ್ರೋಗ್ರಾಮ್ ಲೋಡ್ ಮಾಡಲು ಇನ್ನೊಂದು ಪ್ರೋಗ್ರಾಮ್ ಬೇಕು, ಅದನ್ನು ಲೋಡ್ ಮಾಡುವವರು ಯಾರು? ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನುವ ಈ ಪೇಚಿನಿಂದಲೇ ಹೆಸರು ಬಂದಿದ್ದು. ಬೂಟಿನ ಹಿಂದಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಬೂಟ್‌ಸ್ಟ್ರಾಪ್ ಅನ್ನುವ ಮಾತಿದೆ. ಅದರ ಮೊಟಕು ರೂಪ ‘ಬೂಟ್’.

ಬಯೋಸ್ ಅನ್ನುವ ಫರ್ಮ್‌ವೇರ್ ಇರುವ ಹಳೇ ಯಂತ್ರಗಳಲ್ಲಿ ಇದರ ಜಾಗ ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್. ಎಂಬಿಆರ್ (ಮಾಸ್ಟರ್ ಬೂಟ್ ರೆಕಾರ್ಡ್) ಅನ್ನುವುದು ಅದಕ್ಕೇ. ಒಟ್ಟು 512 ಬೈಟ್. ಅದರಲ್ಲಿ ಕೋಡ್‌ಗೆ ಸಿಗುವುದು 446, ಪಾರ್ಟಿಷನ್ (ಡಿಸ್ಕ್‌ನ ಭಾಗ) ಪಟ್ಟಿಗೆ 64, ಕೊನೆಯ 2 ಬೈಟ್ ಗುರುತಿಗೆ. ಯೂನಿಕೋಡ್ ಕನ್ನಡ ಅಕ್ಷರಕ್ಕೆ ಯುಟಿಎಫ್-8 ಅನ್ನುವ ಸಾಮಾನ್ಯ ರೂಪದಲ್ಲಿ ಕಡೇಪಕ್ಷ 3 ಬೈಟ್ ಬೇಕು. ಅಂದರೆ 446ರಲ್ಲಿ ಈ ಪ್ಯಾರಾದ ಮೊದಲ ಎರಡು ಮೂರು ವಾಕ್ಯ ಹಿಡಿಸಿದರೆ ಹೆಚ್ಚು! ಹಾಗಾಗಿ ಅಲ್ಲಿರುವುದು ಮೊದಲ ತುಣುಕು ಮಾತ್ರ, ಉಳಿದದ್ದು ಬೇರೆ ಕಡೆ.

ನಾನು ಎಡವಿದ್ದು ಇಲ್ಲೇ. ಇನ್‌ಸ್ಟಾಲರ್ ಪರದೆಯ ತಳದಲ್ಲಿ ಬೂಟ್ ಲೋಡರ್ ಯಾವ ಡಿಸ್ಕ್‌ಗೆ ಅಂತ ಕೇಳುವ ಪುಟ್ಟ ಪಟ್ಟಿ ಇತ್ತು. ಅದನ್ನು ನೋಡದೆ ಸುಮ್ನೆ ಮುಂದೆ ಒತ್ತಿದೆ. ಮೊದಲ ತುಣುಕು ಒಳಗಿನ ಡಿಸ್ಕ್‌ಗೆ ಹೋಯಿತು, ಉಳಿದ ಕಡತಗಳು ಹೊರಗಿನದರಲ್ಲಿ ಕೂತವು. ಮನೆ ಬೀಗ ಹಾಕಿ ಕೀ ಇನ್ನೊಬ್ಬರ ಚೀಲದಲ್ಲಿ ಬಿಟ್ಟ ಹಾಗೆ.

ಆ ಪಟ್ಟಿಯಲ್ಲಿ ಎಸ್‌ಡಿಎ, ಎಸ್‌ಡಿಬಿ ಅಂತ ಡಿಸ್ಕ್‌ಗಳ ಹೆಸರಿರುತ್ತವೆ. ಹೆಸರು ನಂಬಬೇಡಿ, ಪೆನ್‌ಡ್ರೈವ್ ಚುಚ್ಚಿದ್ದರೆ ಅದಲುಬದಲು ಆಗಬಹುದು. ಅಳತೆ ನೋಡಿ. 500 ಜಿಬಿ ಡಿಸ್ಕ್ ಲಿನಕ್ಸ್‌ನಲ್ಲಿ 465.8 ಅಂತ ಕಾಣಬಹುದು, ಗಾಬರಿಯಾಗಬೇಡಿ, ಜಿಬಿ ಎಣಿಸುವ ಲೆಕ್ಕ ಬೇರೆ ಅಷ್ಟೇ. ಎಂಬಿಆರ್ ಯಂತ್ರದಲ್ಲಿ ಆರಿಸಬೇಕಾದದ್ದು ಲಿನಕ್ಸ್ ಹಾಕುವ ಇಡೀ ಡಿಸ್ಕನ್ನು (ಉದಾಹರಣೆಗೆ ಎಸ್‌ಡಿಬಿ), ಅದರ ಪಾರ್ಟಿಷನ್ನನ್ನು (ಎಸ್‌ಡಿಬಿ1) ಅಲ್ಲ. ಡೆಸ್ಕ್‌ಟಾಪ್ ಆದರೆ ನಾನು ಈಗ ಈ ತಲೆಬಿಸಿಯೇ ಇಟ್ಟುಕೊಳ್ಳುವುದಿಲ್ಲ. ಮುಟ್ಟಬಾರದ ಡಿಸ್ಕ್‌ನ ಕೇಬಲ್ ಕಿತ್ತಿಟ್ಟು ಇನ್‌ಸ್ಟಾಲ್ ಮಾಡುತ್ತೇನೆ.

ಈಚಿನ ಯುಇಎಫ್ಐ (ಬಯೋಸ್ ಬದಲಿಗೆ ಬಂದ ಫರ್ಮ್‌ವೇರ್) ಯಂತ್ರಗಳಲ್ಲಿ ಇಕ್ಕಟ್ಟು ಕಡಿಮೆ. ಇಎಫ್ಐ ಅನ್ನುವ, ಫ್ಯಾಟ್ (FAT) ಕಡತ ವ್ಯವಸ್ಥೆಯ ಪುಟ್ಟ ಪಾರ್ಟಿಷನ್‌ನಲ್ಲಿ ಪ್ರತಿ ಬೂಟ್ ಲೋಡರ್‌ಗೂ ಬೇರೆ ಫೋಲ್ಡರ್. ಮೈಕ್ರೋಸಾಫ್ಟ್ ಪಕ್ಕದಲ್ಲೇ ಉಬುಂಟು ಕೂತಿರುತ್ತದೆ, ಜಗಳವಿಲ್ಲ. ಆ ಪಾರ್ಟಿಷನ್ನನ್ನು ಬಳಸಿಕೊಳ್ಳಿ, ಆದರೆ ಫಾರ್ಮ್ಯಾಟ್ ಅನ್ನುವ ಕಡೆ ಟಿಕ್ ಹಾಕಬೇಡಿ. ಹಾಕಿದರೆ ವಿಂಡೋಸ್‌ನ ಫೋಲ್ಡರೂ ಹೋಗುತ್ತದೆ. ಬೂಟ್ ಮೆನುವಿನಲ್ಲಿ ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಎರಡು ಸಲ ಕಂಡರೆ, ಯುಇಎಫ್ಐ ಅಂತ ಬರೆದಿರುವುದನ್ನೇ ಆರಿಸಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಮೊದಲೇ ಕಾಗದದಲ್ಲಿ ಬರೆದಿಡಿ. ಬೂಟ್ ವ್ಯವಸ್ಥೆ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು.

ಎಂಬಿಆರ್ ಬ್ಯಾಕಪ್ ಇಟ್ಟುಕೊಂಡವರಿಗೆ ಒಂದು ಮಾತು. 512 ಬೈಟೂ ವಾಪಸ್ ಬರೆದರೆ ಹಳೇ ಪಾರ್ಟಿಷನ್ ಪಟ್ಟಿಯೂ ವಾಪಸ್ ಬರುತ್ತದೆ. ನಡುವೆ ಪಾರ್ಟಿಷನ್ ಬದಲಿಸಿದ್ದರೆ ಕಥೆ ಮುಗಿಯಿತು ಅಲ್ವಾ? ವಾಪಸ್ ಬರೆಯಬೇಕಾದದ್ದು ಮೊದಲ 446 ಮಾತ್ರ.

ನನ್ನ ಹತ್ತಿರ ಆ ಬ್ಯಾಕಪ್ಪೂ ಇರಲಿಲ್ಲ. ಡಿಸ್ಕನ್ನು ಚೀಲದಿಂದ ತೆಗೆದು ಮತ್ತೆ ಚುಚ್ಚಿದೆ. ಗ್ರಬ್ ಮೆನು ಬಂತು, ಕೊನೇ ಸಾಲಿನಲ್ಲಿ ವಿಂಡೋಸ್ ಇತ್ತು. ಆಮೇಲೆ ವಿಂಡೋಸ್ ರಿಪೇರಿ ಡಿಸ್ಕ್‌ನಿಂದ ‘ಬೂಟ್‌ರೆಕ್ ಫಿಕ್ಸ್‌ಎಂಬಿಆರ್’ ಕಮಾಂಡ್ ಕೊಟ್ಟೆ. ಅದು ಪಾರ್ಟಿಷನ್ ಪಟ್ಟಿ ಮುಟ್ಟದೆ ಕೋಡ್ ಭಾಗವನ್ನಷ್ಟೇ ಹೊಸದಾಗಿ ಬರೆಯಿತು.