ಪದ ಪರಿಚಯ: ಒನ್-ರೀಲರ್

ಈಗ ರೀಲ್ಸ್ ಎಂದರೆ ಮೊಬೈಲಿನಲ್ಲಿ ಬೆರಳಿಂದ ತಳ್ಳುತ್ತಾ ನೋಡುವ ತುಣುಕು. ನೂರು ವರ್ಷದ ಹಿಂದೆ ರೀಲು ಎಂದರೆ ಸಿನಿಮಾ ಅಳೆಯುವ ಸೇರು-ಪಾವು. 35 ಎಂ.ಎಂ. ಫಿಲ್ಮಿನ ಒಂದು ಸುರುಳಿ, ಸುಮಾರು 1000 ಅಡಿ. ಅಡಿಗೆ 16 ಫ್ರೇಮು, ಅಂದರೆ 16 ಬಿಡಿ ಚಿತ್ರ. ಮೂಕಿ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಸೆಕೆಂಡಿಗೆ 16 ಫ್ರೇಮು ಓಡಿದರೆ ರೀಲು 16 ನಿಮಿಷ ದಾಟುತ್ತದೆ, ವೇಗ ಜಾಸ್ತಿಯಾದರೆ ಹತ್ತು-ಹನ್ನೆರಡಕ್ಕೇ ಖಾಲಿ. ಇಡೀ ಕಥೆ ಒಂದೇ ಸುರುಳಿಯಲ್ಲಿ ಮುಗಿದರೆ ಅದು ಒನ್-ರೀಲರ್.

ಆಗ ಅಮೆರಿಕದಲ್ಲಿ ಐದು ಸೆಂಟ್ ಟಿಕೆಟ್ಟಿನ ಪುಟ್ಟ ಚಿತ್ರಮಂದಿರಗಳು ಬೀದಿಗೊಂದು. ವಾರದಲ್ಲಿ ಹಲವು ಸಲ ಚಿತ್ರ ಬದಲಾಗಬೇಕು. ಅಷ್ಟು ಕಥೆ ತರುವುದೆಲ್ಲಿಂದ?

ಹಾಲಿವುಡ್ ನಿರ್ದೇಶಕ ಅಲನ್ ಡ್ವಾನ್ ಕೆಲಸ ನೋಡಿದರೆ ಗೊತ್ತಾಗುತ್ತದೆ. 1885ರಲ್ಲಿ ಟೊರಾಂಟೊದಲ್ಲಿ ಹುಟ್ಟಿದವನು, ಓದಿದ್ದು ಇಂಜಿನಿಯರಿಂಗ್. ಸ್ಟುಡಿಯೊಗೆ ಪಾದರಸದ ದೀಪ ಹಾಕಿಕೊಡಲು ಹೋಗಿ ಅಲ್ಲೇ ಕಥೆ ಮಾರಿದ. 1911ರಲ್ಲಿ ಕಂಪನಿಯವರು ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರು, ಅಲ್ಲಿನ ತಂಡ ಯಾಕೆ ಚಿತ್ರ ಕಳಿಸುತ್ತಿಲ್ಲ ನೋಡಿ ಬಾ ಎಂದು. ನೋಡಿದರೆ ನಿರ್ದೇಶಕ ಕುಡಿಯಲು ಹೋಗಿ ನಾಪತ್ತೆ. ತಂಡ ಮುಚ್ಚಿಬಿಡಿ, ನಿರ್ದೇಶಕನೇ ಇಲ್ಲ ಎಂದು ಡ್ವಾನ್ ತಂತಿ ಹೊಡೆದ. ನೀನೇ ನಿರ್ದೇಶಿಸು ಎಂದು ಉತ್ತರ ಬಂತು. ನಿರ್ದೇಶಕ ಏನು ಮಾಡಬೇಕು ಅಂತ ನಟರನ್ನೇ ಕೇಳಿ ಕಲಿತನಂತೆ. ಇದೆಲ್ಲ ಅವನೇ ಹೇಳಿದ್ದು. ಸ್ವಲ್ಪ ರೀಲೂ ಬಿಟ್ಟಿರಬಹುದು, ಅಲ್ವಾ?

ಆಮೇಲೆ ವಾರಕ್ಕೆ ಎರಡು ಮೂರು ಒನ್-ರೀಲರ್. ಬರೆದಿಟ್ಟ ಚಿತ್ರಕಥೆ ಅಂತ ದೊಡ್ಡದೇನೂ ಇಲ್ಲ. ಬೆಳಿಗ್ಗೆ ತಂಡ ಕಟ್ಟಿಕೊಂಡು ಹೊರಡುವುದು, ದಾರಿಯಲ್ಲಿ ಕಂಡದ್ದರಿಂದ ಕಥೆ ಹೆಣೆಯುವುದು. ನೀರು ಹರಿಸುವ ಮರದ ಕಾಲುವೆ ಕಂಡಿತೋ, ಅದಕ್ಕೆ ಖಳನಾಯಕ ವಿಷ ಹಾಕುತ್ತಾನೆ, ಚಿತ್ರ ರೆಡಿ. ಹತ್ತು ಹದಿನೈದು ನಿಮಿಷದಲ್ಲಿ ಪಾತ್ರ ಪರಿಚಯ, ಜಗಳ, ಬೆನ್ನಟ್ಟುವಿಕೆ ಎಲ್ಲ ಮುಗಿಯಬೇಕಲ್ಲ, ಬೇಡದ್ದನ್ನು ಕತ್ತರಿಸುವ ಅಭ್ಯಾಸ ತಾನಾಗಿ ಬರುತ್ತದೆ. ಯಾವ ಸಿನಿಮಾ ಶಾಲೆಯೂ ಇಷ್ಟು ಬೇಗ ಕಲಿಸಲಾರದು ಎನಿಸುತ್ತದೆ ನನಗೆ.

1910ರ ದಶಕದ ಮಧ್ಯದಲ್ಲಿ ಉದ್ದದ ಚಿತ್ರಗಳು ಬಂದವು, ಒನ್-ರೀಲರ್ ಮೂಲೆಗೆ ಸರಿಯಿತು. ಡ್ವಾನ್ ಸರಿಯಲಿಲ್ಲ. 1915ರಲ್ಲೇ ಕ್ಯಾಮೆರಾವನ್ನು ಕಾರಿನ ಮೇಲಿಟ್ಟು, ನಡೆದು ಬರುವ ನಟನ ಜೊತೆ ಓಡಿಸಿದ. 1922ರ ‘ರಾಬಿನ್ ಹುಡ್’ ಹತ್ತು ರೀಲಿಗೂ ಜಾಸ್ತಿ. ಟಾಕಿ ಬಂತು, ಬಣ್ಣ ಬಂತು, ಆತ ಇದ್ದೇ ಇದ್ದ. ಕೊನೆಯ ಚಿತ್ರ ತೆರೆಕಂಡದ್ದು 1961ರಲ್ಲಿ. ತೀರಿಕೊಂಡದ್ದು 1981ರಲ್ಲಿ, 96ನೇ ವಯಸ್ಸಿಗೆ.

ಒಟ್ಟು ಎಷ್ಟು ಚಿತ್ರ? 400 ದಾಟುತ್ತದೆ ಎನ್ನುವವರು ಬಹಳ ಮಂದಿ. ಸಾವಿರದ ಮೇಲೆ ಎನ್ನುತ್ತಿದ್ದ ಡ್ವಾನ್. ಒನ್-ರೀಲರುಗಳಲ್ಲಿ ಬಹುಪಾಲು ಉಳಿದೇ ಇಲ್ಲ, ಎಣಿಸುವುದು ಹೇಗೆ? ನಟ ಜಾನ್ ವೇನ್‌ಗೆ ಮೊದಲ ಆಸ್ಕರ್ ನಾಮನಿರ್ದೇಶನ ತಂದ 1949ರ ಯುದ್ಧದ ಚಿತ್ರವೂ ಈ ಪಟ್ಟಿಯಲ್ಲಿ ಒಂದು. ಆ ವಿಷದ ಕಾಲುವೆಯೂ ಒಂದು.