ಉಷ್ಟ್ರಪಕ್ಷಿಯ ಚಿಪ್ಪಿನ ಮೇಲೆ ಗೆರೆ ಎಳೆದದ್ದು ಮನುಷ್ಯನೋ, ಗಿಡದ ಬೇರೋ?

ಅಕ್ಕಲಕೋಟೆಯ ಬೋರಿ ನದಿಯಲ್ಲೋ ಜತ್ತ ಕಡೆಯ ಹಳ್ಳಗಳಲ್ಲೋ ನೀರು ಕೊರೆದ ದಂಡೆಯನ್ನು ಒಮ್ಮೆ ನಿಂತು ನೋಡಿ. ಮೇಲೆ ಎರೆಮಣ್ಣು, ಅದರಡಿ ಹಳದಿ ಮಣ್ಣು, ನಡುನಡುವೆ ಬಿಳಿ ಸುಣ್ಣದ ಹರಳು. ಇದೇ ಮಹಾರಾಷ್ಟ್ರದ ಇನ್ನೊಂದು ತುದಿಯಲ್ಲಿ, ಜಳಗಾವ ಜಿಲ್ಲೆಯ ಪಾಟಣೆಯಲ್ಲಿ, 1972–73ರಲ್ಲಿ ಪುರಾತತ್ವಜ್ಞ ಎಸ್.ಎ. ಸಾಲಿ ಉತ್ಖನನ ನಡೆಸಿದಾಗ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪು ಸಿಕ್ಕಿತು. ವಯಸ್ಸು ಸುಮಾರು 25,000 ವರ್ಷ. ಒಂದು ತುಂಡಿನ ಮೇಲಂತೂ ಉದ್ದ ಗೆರೆಗಳ ನಡುವೆ ಜಾಳಿಗೆಯಂತೆ ಅಡ್ಡಡ್ಡ ಕೊರೆದ ಗೀರುಗಳು!

ಹಾರಲಾರದ ಈ ಭಾರೀ ಹಕ್ಕಿ ನಮ್ಮ ನೆಲದಿಂದ ಅಳಿದು ಸಾವಿರಾರು ವರ್ಷಗಳಾದವು. ಅದು ಇಲ್ಲಿತ್ತು ಎಂಬುದಕ್ಕೆ ಎಲುಬಿಗಿಂತ ಚಿಪ್ಪೇ ದೊಡ್ಡ ಸಾಕ್ಷಿ. ಕೋಳಿಮೊಟ್ಟೆಯ ಚಿಪ್ಪು ಮಿಲಿಮೀಟರಿನ ಮೂರನೇ ಒಂದು ಪಾಲು ದಪ್ಪವಿದ್ದರೆ ಇದರದ್ದು ಸುಮಾರು 2 ಮಿ.ಮೀ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಅದು ಕರಗುವುದಿಲ್ಲ.

ಪಾಟಣೆಯ ನಂತರ ಮಧ್ಯಪ್ರದೇಶ, ರಾಜಸ್ಥಾನಗಳಿಂದಲೂ ‘ಕೆತ್ತನೆಯ’ ಚಿಪ್ಪುಗಳ ವರದಿ ಬಂದವು. ಎಡವಿದ್ದು ಅಲ್ಲೇ. ಆಸ್ಟ್ರೇಲಿಯಾದ ಶಿಲಾಚಿತ್ರ ತಜ್ಞ ರಾಬರ್ಟ್ ಬೆಡ್ನಾರಿಕ್ ಅವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಬಹುಪಾಲು ಗೆರೆಗಳು ಬೇರಿನ ಕೆಲಸ ಎಂದು ತಿಳಿಯಿತು. ಚಿಪ್ಪಿಗೆ ಅಂಟಿಕೊಂಡು ಬೆಳೆಯುವ ಬೇರು ಹುಳಿ ಒಸರುತ್ತದೆ, ಆ ಹುಳಿ ಸುಣ್ಣವನ್ನು ತಿನ್ನುತ್ತದೆ. ಬೇರಿನ ಗೆರೆ ಬಾಗುತ್ತದೆ, ಕವಲೊಡೆಯುತ್ತದೆ, ಅದರ ತಳ ದುಂಡಗಿರುತ್ತದೆ. ಕಲ್ಲಿನ ಚೂಪಿನಿಂದ ಗೀರಿದ್ದು ನೇರವಾಗಿ ಹೋಗುತ್ತದೆ, ತಳದಲ್ಲಿ ಸಣ್ಣ ಸಣ್ಣ ಸಮಾನಾಂತರ ಗೀಚುಗಳು ಕಾಣುತ್ತವೆ. ಪಾಟಣೆಯ ತುಂಡು ಈ ಪರೀಕ್ಷೆಯಲ್ಲಿ ನಿಂತಿತು. ಅದಕ್ಕೇ ಅದರ ಬೆಲೆ.

2017ರಲ್ಲಿ ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಸೇರಿದ ತಂಡ ಹಳೆಯ ಚಿಪ್ಪಿನಿಂದ ಡಿಎನ್‌ಎ ತೆಗೆದು, ಇದು ಆಫ್ರಿಕಾದ ಉಷ್ಟ್ರಪಕ್ಷಿಯ ಹತ್ತಿರದ ಬಂಧು ಎಂದು ತೋರಿಸಿತು. 2024ರಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯಿಂದ 41,000 ವರ್ಷ ಹಳೆಯ ಗೂಡಿನ ಸುದ್ದಿ ಬಂತು. ಅಲ್ಲಿ ಸಿಕ್ಕಿದ್ದು ಸುಮಾರು 3,500 ಚಿಪ್ಪಿನ ಚೂರು.

ಹಾಗಾಗಿ ನಿಮ್ಮ ಹಳ್ಳದ ದಂಡೆಯಲ್ಲಿ ದಪ್ಪನೆಯ, ತುಸು ಬಾಗಿದ ಚೂರು ಕಂಡರೆ ಅವಸರ ಬೇಡ. ನಿಂಬೆರಸ ಹಾಕಿ ನೊರೆ ಬಂತೆಂದು ನಂಬಬೇಡಿ, ಸುಣ್ಣದ ಹರಳೂ ಬಸವನಹುಳದ ಚಿಪ್ಪೂ ಹಾಗೇ ನೊರೆಯುತ್ತವೆ. ಸಾಲದ್ದಕ್ಕೆ ಆ ಹುಳಿ ಗೆರೆಯ ಅಂಚನ್ನೇ ಅಳಿಸಿಬಿಡುತ್ತದೆ. ಹೊರಮೈಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿವೆಯೇ ನೋಡಿ, ಮುರಿದ ಅಂಚಿನ ದಪ್ಪ ಅಳೆಯಿರಿ. ತೊಳೆಯಬೇಡಿ, ಉಜ್ಜಬೇಡಿ. ಹಳ್ಳದ ತಳಕ್ಕೆ ಉರುಳಿ ಬಿದ್ದ ಚೂರು ಯಾವ ಮಣ್ಣಿನ ಪದರದ್ದು ಎಂಬ ಸುಳಿವು ಕಳೆದುಹೋಗಿರುತ್ತದೆ. ದಂಡೆಯಲ್ಲೇ ಕಚ್ಚಿಕೊಂಡಿದ್ದರೆ ಕೀಳದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ನೆಲಮಟ್ಟದಿಂದ ಎಷ್ಟು ಅಡಿ ಕೆಳಗಿದೆ ಬರೆದಿಡಿ. ಆ ಫೋಟೋ, ಆ ಅಳತೆ ಎರಡನ್ನೂ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವ ವಿಭಾಗಕ್ಕೆ ಕಳಿಸಿ.